ಪದ್ಮಜಾ ಹೇಳಿದ್ದು ಸರಿಯಾಗಿತ್ತು

ಸರಿಯಾದದ್ದನ್ನು ಹೇಳಿದ ಒಬ್ಬ ಹುಡುಗಿಯಿಂದ ನಾನು ಕಾಲು ಮುಟ್ಟಿಸಿಕೊಂಡಿದ್ದೇನೆ. ಬಾಗಿದ ಅವಳ ತಲೆಯ ಮೇಲೆ ಕೈಯಿಟ್ಟು ಆಶೀರ್ವಾದವನ್ನೂ ಮಾಡಿದ್ದೇನೆ. ತಪ್ಪು ನನ್ನದು, ಅವಳದ್ದಲ್ಲ ಎಂಬುದು ಆ ಗಳಿಗೆಯಲ್ಲಿ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿಬಿಡುವ ಆಸೆ ಈಗಲೂ ಆಗುತ್ತದೆ — ಆದರೆ ಗೊತ್ತಿತ್ತು. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ ಎಂದರೆ ಧೈರ್ಯ ಬಂದಿದೆ ಎಂದೇನೂ ಅಲ್ಲ. ಹೇಳಬೇಕಾದವರಿಗೆ ಹೇಳಿ ಆಯಿತು, ಹೇಳಿದ್ದರಿಂದ ಏನೂ ಆಗಲಿಲ್ಲ, ಅದಕ್ಕೆ.

ನಾನು ಹಾಸನದ ಕಡೆಯವನು. ಕಾಶಿಯ ಒಂದು ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಹುಡುಗರಿಗೆ ಪ್ರಾಬಬಿಲಿಟಿ ಮತ್ತು ಸ್ಟೊಕಾಸ್ಟಿಕ್ ಪ್ರೋಸೆಸ್ ಪಾಠ ಹೇಳಿ ನಿವೃತ್ತನಾದೆ. ಆಕಸ್ಮಿಕಗಳನ್ನು ಅಳೆಯುವ ಶಾಸ್ತ್ರ ಎಂದು ಮೊದಲ ದಿನ ತರಗತಿಯಲ್ಲಿ ಠೀವಿಯಿಂದ ಹೇಳುತ್ತಿದ್ದೆ. ನಾನು ಮಾಡಿದ್ದರಲ್ಲಿ ಆಕಸ್ಮಿಕ ಎಂಬುದು ಒಂದೂ ಇರಲಿಲ್ಲ.

ಇಲ್ಲಿಗೆ ಬಂದ ಹೊಸದರಲ್ಲಿ ನನಗೆ ಹಿಂದಿ ಬರುತ್ತಿರಲಿಲ್ಲ, ಅಡುಗೆ ಮೊದಲೇ ಬರುತ್ತಿರಲಿಲ್ಲ. ಯಾರೋ ಹೇಳಿದರು — ಹನುಮಾನ್ ಘಾಟಿನಲ್ಲಿ ಕನ್ನಡದವರ ಮನೆಗಳಿವೆ, ಹೋಗಿ ನೋಡಿ ಎಂದು. ಹೋದೆ. ವಿಷ್ಣು ಭಟ್ಟರು ಬಾಗಿಲಲ್ಲೇ ನಿಂತು, ‘ಊಟ ಆಯ್ತಾ?’ ಎಂದರು. ಹೆಸರು ಕೇಳಿದ್ದು ಆಮೇಲೆ. ಅವರ ಅಜ್ಜನ ಕಾಲದಲ್ಲಿ ಕಾಶಿಗೆ ಬಂದ ಪುರೋಹಿತರ ಮನೆತನ. ಊರಿನಿಂದ ಬರುವ ಯಾತ್ರಿಕರಿಗೆ ಶ್ರಾದ್ಧ ಮಾಡಿಸುವುದು, ತಂಗಲು ಎರಡು ಕೋಣೆ ಕೊಡುವುದು — ಅದೇ ಜೀವನ. ಮದುವೆಯಾಗುವವರೆಗೆ ನಾನು ಪ್ರತಿ ಭಾನುವಾರ ಆ ಮನೆಯಲ್ಲಿ ಹುಳಿ ಅನ್ನ ಉಂಡಿದ್ದೇನೆ. ಭಟ್ಟರ ಮಗಳು ಪದ್ಮಜಾ ಆಗ ಚಿಕ್ಕವಳು. ಬೀದಿಯಲ್ಲಿ ಹಿಂದಿ, ಮನೆಯಲ್ಲಿ ಕನ್ನಡ, ಜಗಳಕ್ಕೆ ಎರಡೂ. ನಾನು ಊಟಕ್ಕೆ ಕೂತಾಗ ಲೆಕ್ಕದ ಒಗಟು ಕೇಳುತ್ತಿದ್ದಳು. ನಾನು ಉತ್ತರ ಹೇಳಿದರೆ, ‘ಹಾಗೇ ಯಾಕೆ?’ ಎಂದು ಎಲೆಯ ಮುಂದೆ ಕೂತೇ ಬಿಡುತ್ತಿದ್ದಳು.

ಅವಳು ಬಿ.ಎಸ್ಸಿ. ಮುಗಿಸಿದಾಗ ಮನೆಯಲ್ಲಿ ಮದುವೆಯ ಮಾತು ಎದ್ದಿತ್ತು. ನಾನೇ ಹೋಗಿ, ‘ಈ ಹುಡುಗಿಗೆ ಗಣಿತ ಇದೆ ಭಟ್ಟರೇ, ಓದಿಸಿ’ ಎಂದೆ. ಭಟ್ಟರು ಓದಿಸಿದರು. ನನ್ನ ಮಾತಿನ ಮೇಲೆ ಓದಿಸಿದರು — ಇದನ್ನು ದಯವಿಟ್ಟು ನೆನಪಿಡಿ, ನಾನಂತೂ ಮರೆತಿಲ್ಲ. ಎಂ.ಎಸ್ಸಿ. ಎರಡನೆಯ ವರ್ಷ ಮುಗಿಯುವ ಹೊತ್ತಿಗೆ ದಕ್ಷಿಣದ ಒಂದು ದೊಡ್ಡ ಸಂಸ್ಥೆಯಲ್ಲಿ ಅವಳಿಗೆ ಪಿಎಚ್‌.ಡಿ.ಗೆ ಸೀಟು ಸಿಕ್ಕಿತ್ತು. ಎಲ್ಲ ಪೇಪರುಗಳೂ ಪಾಸಾಗಿರಬೇಕು, ಅಷ್ಟೇ ನಿಬಂಧನೆ. ಅವಳಿಗೆ ಅದೊಂದು ನಿಬಂಧನೆ ಎಂದೇ ಯಾರಿಗೂ ಅನ್ನಿಸಿರಲಿಲ್ಲ.

ಈಗ ನನ್ನ ಪ್ರಮೇಯದ ವಿಷಯ ಹೇಳಬೇಕು. ನಾನು ಜೀವನದಲ್ಲಿ ಒಂದೇ ಒಂದು ಹೇಳಿಕೊಳ್ಳುವಂಥ ಫಲಿತಾಂಶ ಕಂಡುಹಿಡಿದೆ. ಸಣ್ಣದು — ಆದರೆ ಹೆತ್ತವರಿಗೆ ಹೆಗ್ಗಣ ಮುದ್ದು. ಪ್ರತಿ ವರ್ಷ ಕೋರ್ಸಿನ ಕೊನೆಯ ವಾರ ಅದನ್ನೇ ಪಾಠ ಮಾಡುತ್ತಿದ್ದೆ, ಪೂಜೆ ಮುಗಿದ ಮೇಲೆ ಪ್ರಸಾದ ಹಂಚುವ ಹಾಗೆ. ಪರೀಕ್ಷೆಯಲ್ಲೂ ಕೊನೆಯ ಪ್ರಶ್ನೆ ಅದೇ ಎಂಬುದು ಎಲ್ಲ ಹುಡುಗರಿಗೂ ಗೊತ್ತಿದ್ದ ಗುಟ್ಟು.

ನಮ್ಮ ಶಾಸ್ತ್ರದಲ್ಲಿ ‘ನ್ಯಾಯವಾದ ಆಟ’ ಎಂಬ ಕಲ್ಪನೆ ಇದೆ. ಆಡುತ್ತ ಹೋದರೆ ಸರಾಸರಿಯಲ್ಲಿ ಗೆಲುವೂ ಇಲ್ಲ, ಸೋಲೂ ಇಲ್ಲ. ಅಂಥ ಆಟವನ್ನು ಎಲ್ಲಿ ನಿಲ್ಲಿಸಿದರೂ, ನಿಂತಲ್ಲಿನ ಸರಾಸರಿ ಹೊರಟಲ್ಲಿನದೇ ಆಗಿರುತ್ತದೆ ಎಂಬುದು ಒಂದು ಪ್ರಸಿದ್ಧ ಪ್ರಮೇಯ. ಆದರೆ ಅದಕ್ಕೆ ಶರತ್ತುಗಳಿವೆ. ಕಾಯುವುದಕ್ಕೆ ಒಂದು ಮಿತಿ ಬೇಕು. ಶರತ್ತು ಬರೆಯದ ಹುಡುಗರ ಅಂಕವನ್ನು ಕತ್ತರಿಸುತ್ತಿದ್ದವನು ನಾನೇ. ಆದರೆ ನನ್ನ ಸ್ವಂತ ಫಲಿತಾಂಶದ ಸಾಧನೆಯಲ್ಲಿ, ಅಂದರೆ ಅದು ನಿಜವೆಂದು ತೋರಿಸುವ ತರ್ಕದಲ್ಲಿ, ಒಂದು ಕಡೆ ಹೀಗೆ ಆಟ ನಿಲ್ಲಿಸುವ ಹೆಜ್ಜೆ ಬರುತ್ತದೆ. ಅಲ್ಲಿ ನಾನು ಶರತ್ತನ್ನು ನೋಡಿಯೇ ಇರಲಿಲ್ಲ. ‘ಇದು ಸ್ಪಷ್ಟ’ ಎಂದು ಬರೆದು ಮುಂದೆ ಹೋಗಿದ್ದೆ. ಗಣಿತದವರಿಗೆ ಇದೊಂದು ಚಾಳಿ — ನೋಡಲು ಬೇಸರವಾದ ಜಾಗದಲ್ಲಿ ‘ಸ್ಪಷ್ಟ’ ಎಂದು ಬರೆದುಬಿಡುವುದು.

ಆ ವರ್ಷ ಕೊನೆಯ ವಾರ ನಾನು ಬೋರ್ಡಿನ ಮೇಲೆ ‘ಸ್ಪಷ್ಟ’ ಎಂದು ಬರೆದು ತಿರುಗಿದಾಗ ಪದ್ಮಜಾ ಎದ್ದು ನಿಂತಿದ್ದಳು. ತರಗತಿಯಲ್ಲಿ ಅವಳು ನನ್ನೊಡನೆ ಎಂದೂ ಕನ್ನಡ ಮಾತನಾಡಿದವಳಲ್ಲ. ಉಳಿದವರಂತೆ ಹಿಂದಿ, ಇಂಗ್ಲಿಷು. ಆ ದಿನ ಕನ್ನಡದಲ್ಲಿ ಹೇಳಿದಳು, ಮೆಲ್ಲಗೆ.

‘ಸರ್, ಈ ಹೆಜ್ಜೆ ಹಮೇಶಾ ನಿಲ್ಲಲ್ಲ ಅಲ್ವಾ? ಭಾಂಗ್ ಕುಡ್ದೋನೊಬ್ಬ ಗಲ್ಲೀಲಿ ನಿಂತಿದ್ದಾನೆ ಅನ್ಕೊಳ್ಳಿ. ನಾಣ್ಯ ಹಾರಿಸ್ತಾನೆ, ಒಂದ್ಸಲ ಎಡಕ್ಕೆ, ಒಂದ್ಸಲ ಬಲಕ್ಕೆ. ಸರಾಸರಿ ನೋಡಿದ್ರೆ ಇದ್ದಲ್ಲೇ ಇರ್ತಾನೆ. ಆದ್ರೆ ಬಲಗಡೆ ಪಕ್ಕದ ಬಾಗಿಲು ಅವನ ಮನೆ, ಅಲ್ಲಿ ಮುಟ್ಟಿದ ಮೇಲೇ ನಿಲ್ತಾನೆ ಅಂದ್ರೆ — ಒಂದಲ್ಲ ಒಂದು ದಿನ ಮುಟ್ಟೇ ಮುಟ್ತಾನೆ ಸರ್. ನಿಂತಾಗ ಮನೇಲಿರ್ತಾನೆ, ಹೊರಟ ಜಾಗದಲ್ಲಿರಲ್ಲ. ಕಾಯೋದಕ್ಕೆ ಹದ್ದಿಲ್ಲ, ಅದಕ್ಕೇ ಗಡ್‌ಬಡ್ ಆಗತ್ತೆ.’

ಅವಳು ಕನ್ನಡದಲ್ಲಿ ಏಕೆ ಹೇಳಿದಳು? ನನಗೆ ಆಗಲೇ ತಿಳಿಯಿತು, ಅದೇ ಇನ್ನೂ ಚುಚ್ಚುತ್ತದೆ. ಆ ಕೋಣೆಯಲ್ಲಿ ಕನ್ನಡ ಬರುತ್ತಿದ್ದುದು ನಮ್ಮಿಬ್ಬರಿಗೆ ಮಾತ್ರ. ಮೇಷ್ಟರ ತಪ್ಪನ್ನು ಇತರರೆದುರು ಆಡಬಾರದು, ಅವರಿಗಷ್ಟೇ ತಿಳಿಸಿದರೆ ತಾವೇ ತಿದ್ದಿಕೊಂಡು ಮುಂದೆ ಹೋಗುತ್ತಾರೆ — ಆ ಹುಡುಗಿ ನನ್ನ ಮಾನ ಉಳಿಸಲು ನೋಡಿದ್ದಳು.

ನಾನು ಅದೇ ಭಾಷೆಯಲ್ಲಿ ಉತ್ತರ ಕೊಟ್ಟೆ. ನಗುಮುಖದಲ್ಲೇ ಕೊಟ್ಟೆ, ಹುಡುಗರಿಗೆ ಗೊತ್ತಾಗಬಾರದಲ್ಲ. ‘ಪಿಂಡ ಹಾಕಿಸೋ ಮನೆಯ ಹುಡುಗಿ ನನಗೆ ಪಾಠ ಹೇಳೋ ಮಟ್ಟಕ್ಕೆ ಬಂದೆಯಾ? ಇಲ್ಲಿ ಕೂತಿರೋದು ಯಾರ ದಾಕ್ಷಿಣ್ಯದಿಂದ ಅನ್ನೋದು ನೆನಪಿರಲಿ. ಕೂತ್ಕೋ.’

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳ ಮುಖದಲ್ಲಿ — ಅದನ್ನು ಬರೆಯಲಾರೆ. ಕೂತಳು. ಏನು ಸರ್ ಎಂದು ಮುಂದಿನ ಬೆಂಚಿನವನೊಬ್ಬ ಕೇಳಿದ. ‘ಕುಛ್ ನಹೀಂ, ಘರ್ ಕೀ ಬಾತ್ ಥೀ’ ಎಂದೆ. ಏನಿಲ್ಲ, ಮನೆಯ ಮಾತು. ಹುಡುಗರು ನಕ್ಕರು. ಭಾನುವಾರಗಳ ಆ ಹುಳಿ ಅನ್ನದ ಮನೆಯನ್ನು ನಾನು ಹಾಗೆ ಬಳಸಿದೆ.

ಅಂದೇ ಮಧ್ಯಾಹ್ನ ನನ್ನ ಕೋಣೆಯ ಬಾಗಿಲು ಹಾಕಿಕೊಂಡು ಆ ಹೆಜ್ಜೆಯನ್ನು ನೋಡಿದೆ. ಹೆಚ್ಚು ಹೊತ್ತು ಬೇಕಾಗಲಿಲ್ಲ. ಪದ್ಮಜಾ ಹೇಳಿದ್ದು ಸರಿಯಾಗಿತ್ತು. ಒಂದು ಶರತ್ತು ಸೇರಿಸಿದರೆ ಫಲಿತಾಂಶ ಉಳಿಯುತ್ತಿತ್ತು, ಸ್ವಲ್ಪ ಬಡವಾಗಿ. ಮರುದಿನ ಬೋರ್ಡಿನ ಮೇಲೆ ಒಂದು ಸಾಲು ಬರೆದು, ‘ನಿನ್ನೆ ಪದ್ಮಜಾ ತೋರಿಸಿಕೊಟ್ಟಳು’ ಎಂದಿದ್ದರೆ ಮುಗಿಯುತ್ತಿತ್ತು. ಆಗ ನನ್ನ ಬಡ್ತಿಯ ಕಡತ ಮೇಲೆ ಹೋಗಿತ್ತು, ಈ ಸಮಯದಲ್ಲಿ ಬೇಡ ಎಂದುಕೊಂಡೆ — ಅದು ನೆಪ. ನಿಜ ಹೇಳುತ್ತೇನೆ: ಬಡ್ತಿ ಇಲ್ಲದಿದ್ದರೂ ನಾನು ಹೇಳುತ್ತಿರಲಿಲ್ಲ. ನಾನು ಲೆಕ್ಕದ ಒಗಟು ಬಿಡಿಸಿ ತೋರಿಸಿದ ಮಗು ನನಗೆ ಲೆಕ್ಕ ತೋರಿಸಿತು ಎಂಬುದು ನನಗೆ ಸಹಿಸಲಾಗಲಿಲ್ಲ. ಅಷ್ಟೇ, ಅದಕ್ಕಿಂತ ದೊಡ್ಡ ಕಾರಣ ಹುಡುಕಿದರೂ ಸಿಗುವುದಿಲ್ಲ.

ಪರೀಕ್ಷೆ ಬಂತು. ಕೊನೆಯ ಪ್ರಶ್ನೆ ಎಂದಿನದೇ. ಬೇರೆ ಪ್ರಶ್ನೆ ಹಾಕಬಹುದಿತ್ತು, ಹಾಕಲಿಲ್ಲ. ಎಲ್ಲ ಹುಡುಗರೂ ನಾನು ಬೋರ್ಡಿನ ಮೇಲೆ ಬರೆದುದನ್ನೇ ‘ಸ್ಪಷ್ಟ’ದ ಸಮೇತ ಬರೆದಿದ್ದರು. ಅವಳು ಬರೆದಿದ್ದಳು — ಕೊಟ್ಟ ರೂಪದಲ್ಲಿ ಈ ಹೇಳಿಕೆ ನಿಜವಲ್ಲ, ಇಗೋ ಉದಾಹರಣೆ, ಇಂಥ ಶರತ್ತು ಸೇರಿಸಿದರೆ ಹೀಗೆ ಸಾಧಿಸಬಹುದು. ಸಾಧಿಸಿಯೂ ಇದ್ದಳು. ನನ್ನದಕ್ಕಿಂತ ಚೊಕ್ಕವಾಗಿತ್ತು. ನಾನು ಸೊನ್ನೆ ಹಾಕಿದೆ. ಕೈ ನಡುಗಿತು ಎಂದು ಬರೆದರೆ ಓದುವವರಿಗೆ ಸಮಾಧಾನವಾದೀತು. ನಡುಗಲಿಲ್ಲ.

ಕೊನೆಯ ಪ್ರಶ್ನೆಗೆ ಅಂಕ ಹೆಚ್ಚು. ಅದರ ಜತೆಗೆ ಆಂತರಿಕ ಅಂಕವೂ ಮೇಷ್ಟರ ಕೈಯಲ್ಲೇ ಇರುತ್ತದೆ; ಅದನ್ನೂ ಕತ್ತರಿಸಿದೆ. ಎಲ್ಲ ಪೇಪರುಗಳಲ್ಲೂ ಮುಂದಿದ್ದ ಹುಡುಗಿ ನನ್ನ ಪೇಪರಿನಲ್ಲಿ ಫೇಲಾದಳು. ದಕ್ಷಿಣದ ಸಂಸ್ಥೆಯವರು ಆ ಸೀಟನ್ನು ಬೇರೆಯವರಿಗೆ ಕೊಟ್ಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಹಾಗೆ — ತಪ್ಪು ಮಾಡಿದ್ದು ನಾನು, ಬರೆ ಬಿದ್ದದ್ದು ಅವಳಿಗೆ.

ಫಲಿತಾಂಶ ಬಂದ ಮೇಲೆ ವಿಷ್ಣು ಭಟ್ಟರು ನನ್ನ ವಿಭಾಗಕ್ಕೆ ಬಂದರು. ಘಾಟಿನಿಂದ ನೇರವಾಗಿ ಬಂದಿರಬೇಕು, ಪಂಚೆಯ ಅಂಚು ಇನ್ನೂ ಒದ್ದೆಯಾಗಿತ್ತು. ಹಿಂದೆ ಪದ್ಮಜಾ. ಜಗಳಕ್ಕೆ ಬಂದಿದ್ದಾರೆ ಎಂದು ನಾನು ಸಿದ್ಧವಾಗಿ ಕೂತೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ನನ್ನದು. ಭಟ್ಟರು ಕೈ ಮುಗಿದರು.

‘ಪ್ರೊಫೆಸರ್ ಸಾಹೇಬ್ರೇ, ಹುಡುಗಿ ನಿಮ್ಮೆದುರು ಬಾಯಿ ಮಾಡಿದ್ಳಂತೆ. ನಿಮ್ಮ ಲೆಕ್ಕದಲ್ಲಿ ತಪ್ಪಿದೆ ಅಂದ್ಳಂತೆ. ಮನೇಲಿ ಅವಳೇ ಹೇಳಿದ್ಳು. ನನಗೆ ನಿಮ್ಮ ಗಣಿತ ತಿಳಿಯಲ್ಲ. ಆದ್ರೆ ಕಲಿಸಿದ ಗುರುವಿಗೆ ತಪ್ಪು ಅನ್ನಬಾರದು, ಅಷ್ಟು ತಿಳೀತದೆ. ಮಾಫ್ ಮಾಡಿಬಿಡಿ.’

ತರಗತಿಯಲ್ಲಿ ನಾನು ಆಡಿದ ಮಾತನ್ನು ಅವಳು ಅಪ್ಪನಿಗೆ ಹೇಳಿರಲಿಲ್ಲ. ‘ಪಿಂಡ ಹಾಕಿಸೋ ಮನೆ’ ಎಂಬುದನ್ನು ಅಪ್ಪನ ಕಿವಿಗೆ ಬೀಳದಂತೆ ತನ್ನಲ್ಲೇ ಇಟ್ಟುಕೊಂಡಿದ್ದಳು. ಅದನ್ನು ನೋಡಿದ ಮೇಲಾದರೂ — ಆ ಒಂದು ಗಳಿಗೆಯಲ್ಲಾದರೂ — ‘ಇಲ್ಲ ಭಟ್ಟರೇ, ಅವಳು ಹೇಳಿದ್ದೇ ಸರಿ’ ಎನ್ನಬಹುದಿತ್ತು. ಬಾಯಿಯವರೆಗೆ ಬಂದಿತ್ತು ಎಂದು ಸುಳ್ಳು ಹೇಳುವುದಿಲ್ಲ. ಬಂದಿರಲಿಲ್ಲ. ನನಗೆ ಆದದ್ದು ನಿರಾಳ.

‘ಹೋಗಲಿ ಬಿಡಿ ಭಟ್ಟರೇ, ಮಕ್ಕಳು. ನಾನು ಕ್ಷಮಿಸಿದ್ದೇನೆ. ಆದರೆ ಅಂಕ ನನ್ನ ಕೈಯಲ್ಲಿಲ್ಲ’ ಎಂದೆ.

ಭಟ್ಟರು ಮಗಳ ಕಡೆ ತಿರುಗಿ, ‘ನಮಸ್ಕಾರ ಮಾಡು’ ಎಂದರು. ಅವಳು ಮುಂದೆ ಬಂದಳು. ನನ್ನ ಮುಖವನ್ನು ಒಮ್ಮೆ ನೋಡಿದಳು, ಆಮೇಲೆ ಬಾಗಿದಳು. ಉಳಿದದ್ದನ್ನು ಮೊದಲೇ ಹೇಳಿದ್ದೇನೆ.

ಮರುವರ್ಷ ಅವಳು ಬ್ಯಾಕ್ ಪೇಪರ್ ಬರೆದಳು. ತರಗತಿಗೆ ಬರಬೇಕಾದ ಅಗತ್ಯವಿರಲಿಲ್ಲ, ಬರಲೂ ಇಲ್ಲ. ಆ ಹೊತ್ತಿಗೆ ನಾನು ಹೊಸ ಹುಡುಗರಿಗೆ ಪಾಠ ಹೇಳುವಾಗ ಸದ್ದಿಲ್ಲದೆ ಶರತ್ತನ್ನು ಸೇರಿಸಿಬಿಟ್ಟಿದ್ದೆ. ಅವಳಿಗೆ ಅದು ಗೊತ್ತಿರಲಿಲ್ಲ. ಅವಳ ಉತ್ತರದಲ್ಲಿ ನನ್ನ ಹಳೆಯ ಸಾಧನೆ ಅಕ್ಷರ ಅಕ್ಷರ ಹಾಗೇ ಇತ್ತು — ಆ ಹೆಜ್ಜೆ, ಆ ‘ಸ್ಪಷ್ಟ’, ಎಲ್ಲ. ತಪ್ಪು ಉತ್ತರಕ್ಕೆ ಪೂರ್ತಿ ಅಂಕ ಕೊಟ್ಟೆ. ನನ್ನನ್ನು ಅಣಕಿಸಿ ಬರೆದಿದ್ದಾಳೆ ಎಂದುಕೊಂಡೆ. ಹಾಗೆಂದುಕೊಂಡದ್ದರಲ್ಲಿ ಒಂದು ಸಮಾಧಾನವೂ ಇತ್ತು: ಅವಳಿಗೆ ಗೊತ್ತಿದೆ. ಸೀಟು ಹೋಯಿತು, ಓದು ನಿಂತಿತು, ಆದರೆ ಸರಿ ಯಾವುದೆಂದು ಅವಳಿಗೆ ಗೊತ್ತಿದೆ, ಅದನ್ನು ಯಾರೂ ಕಸಿಯಲಾರರು. ಈ ಒಂದು ಸಮಾಧಾನವನ್ನು ಇಟ್ಟುಕೊಂಡು ನಾನು ಇಷ್ಟು ವರ್ಷ ಉಂಡು ಮಲಗಿದ್ದೇನೆ.

ಇನ್ನೊಂದು ಉಳಿದಿದೆ, ಅದನ್ನೂ ಹೇಳಿಬಿಡುತ್ತೇನೆ. ಶರತ್ತು ಏಕೆ ಬೇಕು ಸರ್ ಎಂದು ಹೊಸ ಹುಡುಗರು ಕೇಳಿದಾಗ ನಾನು ಗಲ್ಲಿಯಲ್ಲಿ ನಿಂತ ಭಾಂಗ್ ಕುಡಿದವನ ಕತೆ ಹೇಳತೊಡಗಿದೆ. ಹುಡುಗರು ನಗುತ್ತಿದ್ದರು. ಕಾಶಿಯ ಮಣ್ಣಿನದೇ ಉದಾಹರಣೆ, ಎಂಥ ಮೇಷ್ಟರು! ಬೀಳ್ಕೊಡುಗೆಯ ಸಭೆಯಲ್ಲೂ ಒಬ್ಬ ಹಳೆಯ ವಿದ್ಯಾರ್ಥಿ ಅದನ್ನೇ ನೆನೆದು, ಸರ್ ಅವರ ಕಲ್ಪನೆ ಎಂದು ಹೊಗಳಿದ. ಚಪ್ಪಾಳೆ ಬಿತ್ತು. ನಾನು ಎದ್ದು ನಿಂತು ಕೈ ಮುಗಿದೆ.

ಹನುಮಾನ್ ಘಾಟಿನ ಕಡೆ ಹೋಗುವುದನ್ನು ಎಂದೋ ಬಿಟ್ಟಿದ್ದೆ. ಹಬ್ಬಕ್ಕೆ ಕರೆದರೆ ತರಗತಿ ಇದೆ ಎನ್ನುತ್ತಿದ್ದೆ. ಒಮ್ಮೆ ಗೋದೌಲಿಯಾದಲ್ಲಿ ಪದ್ಮಜಾ ಎದುರಿಗೆ ಬಂದದ್ದುಂಟು. ನಾನು ಸೀರೆ ಅಂಗಡಿಯೊಂದಕ್ಕೆ ನುಗ್ಗಿ, ಕೊಳ್ಳುವ ಉದ್ದೇಶವಿಲ್ಲದ ಸೀರೆಗಳನ್ನು ಬಿಚ್ಚಿಸಿ ನೋಡಿದೆ. ಹೋದ ಚಳಿಗಾಲ ಜಂಗಮವಾಡಿಯಲ್ಲಿ ಸಿಕ್ಕ ಪರಿಚಯದವರೊಬ್ಬರು, ‘ವಿಷ್ಣು ಭಟ್ಟರು ಹೋಗಿಬಿಟ್ರು, ಗೊತ್ತಾಗ್ಲಿಲ್ವೇ? ತಿಂಗಳಾಯ್ತು’ ಎಂದರು. ಮಗಳು ತಪ್ಪು ಮಾಡಿದಳು ಎಂದು ನಂಬಿಕೊಂಡೇ ಆ ಮನುಷ್ಯ ಹೋದರು. ಅವರಿಗೆ ಹೇಳುವ ದಾರಿ ಇನ್ನಿಲ್ಲ. ಬೀದಿಯಲ್ಲಿ ನಿಂತೇ ನನಗೆ ಅಳು ಬಂತು.

ಮರುದಿನ ಇಲ್ಲಿನವರು ಟೋಟೋ ಎನ್ನುವ ಬ್ಯಾಟರಿ ರಿಕ್ಷಾ ಹಿಡಿದು, ಅದು ಹೋಗುವಲ್ಲಿಯವರೆಗೆ ಹೋಗಿ, ಉಳಿದ ಗಲ್ಲಿಗಳನ್ನು ನಡೆದು ಆ ಮನೆಗೆ ಹೋದೆ. ಪದ್ಮಜಾ ಜಗಲಿಯಲ್ಲಿ ಕೂತು ಫೋನಿನಲ್ಲಿ ಯಾತ್ರಿಕರೊಡನೆ ಮಾತನಾಡುತ್ತಿದ್ದಳು — ಗೀಜರ್ ಇದೆ, ಲಿಫ್ಟ್ ಇಲ್ಲ, ಸ್ಟೇಷನ್ನಿಂದ ಬರೋಕೆ ಆಟೋದವರು ಹೆಚ್ಚು ಕೇಳ್ತಾರೆ, ಕೊಡಬೇಡಿ. ಈಗ ಆ ಕೋಣೆಗಳನ್ನು ನೋಡಿಕೊಳ್ಳುವವಳು ಅವಳೇ. ಕೂದಲು ಬೆಳ್ಳಗಾಗಿದೆ. ನನ್ನನ್ನು ಕಂಡು ಎದ್ದು ಕುರ್ಚಿ ತಂದಿಟ್ಟಳು. ‘ಅಪ್ಪ ನಿಮ್ಮನ್ನ ಬಹಳ ನೆನೀತಿದ್ರು ಸರ್’ ಎಂದಳು.

ನಾನು ಕೂತೆ, ಎಲ್ಲವನ್ನೂ ಹೇಳಿದೆ. ಆ ಹೆಜ್ಜೆ ತಪ್ಪಾಗಿತ್ತು, ನೀನು ಹೇಳಿದ್ದು ಸರಿ, ನನಗೆ ಅಂದೇ ಗೊತ್ತಾಗಿತ್ತು, ಗೊತ್ತಿದ್ದೂ ಸೊನ್ನೆ ಹಾಕಿದೆ, ನಿನ್ನ ಉದಾಹರಣೆಯನ್ನು ನನ್ನದೆಂದು ಹೇಳಿಕೊಂಡು ತಿರುಗಿದೆ. ಅವಳು ಬೈಯುತ್ತಾಳೆ, ಅಳುತ್ತಾಳೆ, ಎದ್ದು ಹೋಗಿ ಎನ್ನುತ್ತಾಳೆ — ಎಲ್ಲಕ್ಕೂ ತಯಾರಾಗಿ ಹೋಗಿದ್ದೆ. ಅವಳು ಫೋನನ್ನು ಪಕ್ಕಕ್ಕಿಟ್ಟು ನನ್ನ ಮುಖ ನೋಡಿದಳು.

‘ಹೌದಾ ಸರ್? ನಂದೇ ಗಲ್ತಿ ಅಂತ ಅನ್ಕೊಂಡಿದ್ದೆನಲ್ಲ.’

‘ನಿನಗೆ ಗೊತ್ತಿರಲಿಲ್ವೇನಮ್ಮ?’ ಎಂದೆ.

‘ಮೊದ್ಲು ಗೊತ್ತು ಅಂತಿದ್ದೆ. ಅಪ್ಪ ಹೇಳಿದ್ರು, ಅಷ್ಟು ವರ್ಷ ಕಲಿಸಿದೋರು, ಅವರಿಗೆ ತಪ್ಪಾಗತ್ತಾ ಅಂತ. ಆಮೇಲೆ ನೀವೂ ಮಾಫ್ ಮಾಡಿದ್ರಲ್ಲ. ತಪ್ಪಿಲ್ಲದೆ ಯಾರಾದ್ರೂ ಮಾಫ್ ಮಾಡ್ತಾರಾ? ಆ ವರ್ಷ ಪೂರಾ ನನ್ನ ಗಲ್ತಿ ಎಲ್ಲಿದೆ ಅಂತ ಹುಡುಕ್ದೆ ಸರ್. ಸಿಗಲಿಲ್ಲ. ತಪ್ಪು ಮಾಡಿ, ಎಲ್ಲಿ ಮಾಡ್ದೆ ಅಂತಾನೂ ಕಾಣದಿದ್ರೆ, ಈ ವಿಷಯಕ್ಕೆ ಬೇಕಾದ ದಿಮಾಗ್ ನನಗಿಲ್ಲ ಅಂತಲೇ ಅಲ್ವಾ? ಅದಕ್ಕೇ ನಿಮ್ಮ ಪಾಠ ಬಾಯಿಪಾಠ ಮಾಡಿ ಬರ್ದೆ. ಪೂರಾ ಅಂಕ ಬಂತು. ಆಮೇಲೆ ಬಿಟ್ಟುಬಿಟ್ಟೆ.’

ಬೇಸರವಿಲ್ಲದೆ ಹೇಳಿದಳು, ಯಾತ್ರಿಕರಿಗೆ ಕೋಣೆಯ ವಿಷಯ ಹೇಳುವ ಹಾಗೆ. ನಾನು ಅಲ್ಲಿಗೇ ಸತ್ತಂತಾದೆ. ಅವಳು ತನ್ನ ತಲೆಯನ್ನೇ ನಂಬದಂತೆ ಮಾಡಿದವನು ನಾನು, ಮತ್ತು ಅದು ನನಗೆ ಗೊತ್ತೇ ಇರಲಿಲ್ಲ. ನಾನು ಕದ್ದದ್ದು ಒಂದು ಸೀಟು ಎಂದುಕೊಂಡಿದ್ದೆ.

ಆಮೇಲೆ ನಾನು ಮಾಡಿದ್ದನ್ನು ನೆನೆದರೆ ನಾಚಿಕೆಯಾಗುತ್ತದೆ. ಕುರ್ಚಿಯ ತುದಿಗೆ ಬಂದು ಪಾಠ ಶುರುಮಾಡಿದೆ. ಗಲ್ಲಿ, ನಾಣ್ಯ, ಎಡಕ್ಕೆ ಬಲಕ್ಕೆ, ಪಕ್ಕದ ಬಾಗಿಲು. ನೆಲದ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಿದೆ. ಅವಳದೇ ಮಾತುಗಳು, ಅವಳೇ ಕಂಡುಹಿಡಿದದ್ದು. ಒಮ್ಮೆ ನೋಡಿದರೆ ಹೊಳೆದುಬಿಡುತ್ತದೆ, ‘ಹಾಗೇ ಯಾಕೆ?’ ಎಂದು ಕೇಳಿಬಿಡುತ್ತಾಳೆ ಎಂದು ಕಾದೆ. ಅವಳು ಮರ್ಯಾದೆಯಿಂದ ಬಗ್ಗಿ ನೋಡಿದಳು, ನಡುವೆ ತಲೆಯಾಡಿಸಿದಳು. ಕಣ್ಣುಗಳಲ್ಲಿ ದೀಪ ಹತ್ತಲಿಲ್ಲ. ಇನ್ನೊಮ್ಮೆ ಮೊದಲಿನಿಂದ ಹೇಳಿದೆ. ಫೋನು ಒಂದೆರಡು ಸಲ ಬಡಿದುಕೊಂಡು ಸುಮ್ಮನಾಯಿತು. ನಾನು ಸುಸ್ತಾಗಿ ನಿಲ್ಲಿಸಿದೆ.

‘ಈಗ ತಿಳೀತೇನಮ್ಮ, ನೀನು ಹೇಳಿದ್ದು ಸರಿ ಅಂತ?’

ಅವಳು ನಕ್ಕಳು, ನನಗೆ ನೋವಾಗಬಾರದೆಂದು ನಗುವ ಹಾಗೆ.

‘ನೀವು ಹೇಳ್ತಿದ್ದೀರಿ ಅಂದ್ರೆ ಸರಿಯೇ ಇರತ್ತೆ ಸರ್.’